ಒಳಗಿನ ಖೋಲಿಯ ಸಾಮಾನು

ನಮ್ಮ ಮನೆಯಲ್ಲಿ ಪ್ಲೇಗಿನ ಇಲಿ ಸತ್ತು ಬಿದ್ದಿರಲಿಲ್ಲ. ಬಿದ್ದಿತ್ತು ಎಂದು ನಾನು ಒಬ್ಬ ತಾಯಿಗೆ ಹೇಳಿದೆ — ಮಗನನ್ನು ಕಳೆದುಕೊಂಡು ವರ್ಷವೂ ತುಂಬದ ತಾಯಿಗೆ. ಆ ಮಾತು ಅವರನ್ನು ಏನು ಮಾಡಿತೆಂದು ಕಣ್ಣಾರೆ ಕಂಡೆ. ಕಂಡ ಮೇಲೂ ಸುಮ್ಮನಿದ್ದೆ. ಇಷ್ಟು ವರ್ಷ ಸುಮ್ಮನಿದ್ದೆ.

ಧಾರವಾಡದ ಈ ಮನೆಯನ್ನು ನಾವು ಕೊಂಡದ್ದು ನೀಲವ್ವನವರಿಂದ. ಉಪ್ಪಿನಬೆಟಗೇರಿಯ ವಿಧವೆ, ಒಬ್ಬನೇ ಮಗ ಬಸವರಾಜನ ಓದಿಗೆಂದು ಇಲ್ಲಿ ಬಂದು ಇದ್ದವರು. ಮಗ ಜ್ವರ ಬಂದು ತೀರಿಕೊಂಡ ಮೇಲೆ ಮನೆ ಮಾರಿ ತಮ್ಮನ ಆಸರೆಗೆ ಊರಿಗೆ ಹೊರಟರು. ಹೊರಡುವಾಗ ಒಳಗಿನ ಖೋಲಿಯ ಬಾಗಿಲು ಎಳೆದುಕೊಂಡು ನನ್ನ ಕೈ ಹಿಡಿದರು.

“ಇದೊಂದು ಖೋಲಿ ಸಾಮಾನು ಇರ್ಲಿ ತಂಗಿ. ಈಗ ಮುಟ್ಟಾಕ ಆಗವಲ್ದು. ಸುಗ್ಗಿ ಹೊತ್ತಿಗೆ ಮನಸ ಗಟ್ಟಿ ಮಾಡ್ಕೊಂಡು ಚಕ್ಕಡಿ ತರ್ತೇನಿ.”

“ಇರ್ಲಿ ಬಿಡ್ರಿ, ನಮಗೇನ ತ್ರಾಸ?” ಎಂದೆ. ಎಷ್ಟು ನಯವಾಗಿ ಎಂದೆ!

ಖೋಲಿಯಲ್ಲಿ ಮಗ ಮಲಗುತ್ತಿದ್ದ ಹೊರಸು ಇತ್ತು, ಹಾಸಿಗೆ, ಹಳೆ ಬಟ್ಟೆ ಸೇರಿಸಿ ಹೊಲಿದ ಕೌದಿ, ಗೂಟಕ್ಕೆ ಒಂದು ಕೋಟು. ಮೂಲೆಯಲ್ಲಿ ಬೂಟು — ಆಕಾರ ಕೆಡದಿರಲೆಂದು ಒಳಗೆ ಹಳೆಯ ಪತ್ರಿಕೆ ತುರುಕಿಟ್ಟಿದ್ದರು. ಕೌದಿಯ ಒಂದು ತೇಪೆಯಲ್ಲಿ ಗುಂಡಿಯ ಕಾಜ ಹಾಗೆಯೇ ಉಳಿದಿತ್ತು, ಯಾವುದೋ ಪುಟ್ಟ ಅಂಗಿಯದು. ಇದೆಲ್ಲ ನನ್ನ ಕಣ್ಣಿಗೆ ಬಿದ್ದಿತ್ತು. ಕಾಣದೆ ಮಾಡಿದ್ದಲ್ಲ, ಕಂಡೇ ಮಾಡಿದ್ದು.

ನಾನು ಕಾನ್ವೆಂಟಿನಲ್ಲಿ ಕಲಿತವಳು. ಬಿಳಿ ಪರದೆ, ಹೂದಾನಿ, ಕಲೆಯಿಲ್ಲದ ಮೇಜುಹಾಸು — ಇಷ್ಟಿದ್ದರೆ ಮನೆ ಮನೆಯಾಯಿತೆಂದು ತಿಳಿದಿದ್ದೆ. ಪಡಸಾಲೆಯಲ್ಲಿ ಕೂತವರಿಗೆ ಆ ಖೋಲಿ ನೇರ ಕಾಣುತ್ತಿತ್ತು. ಗೆಳತಿಯರನ್ನು ಚಹಾಕ್ಕೆ ಕರೆಯುವ ಮೊದಲು ಅದು ತೆರವಾಗಬೇಕೆಂದು ಹಟ ಹಿಡಿದೆ.

ನಮ್ಮವರು ನಕ್ಕರು. “ನಿನ್ನ ಗೆಳತ್ಯಾರು ಚಹಾ ಕುಡೀಲಿಕ್ಕೆ ಬರ್ತಾರೋ, ಖೋಲಿ ತಪಾಸ ಮಾಡ್ಲಿಕ್ಕೆ ಬರ್ತಾರೋ? ಅದು ಮಂದಿ ಸಾಮಾನು. ಸುಗ್ಗಿತನಕ ತಡಕೋ.”

ತಡೆದುಕೊಳ್ಳಲಿಲ್ಲ. ಅವರು ಕಚೇರಿಯ ಕೆಲಸಕ್ಕೆಂದು ಪರ ಊರಿಗೆ ಹೋದಾಗ ಆಳಿನಿಂದ ಎಲ್ಲವನ್ನೂ ಹಿತ್ತಲಿಗೆ ಎಳೆಸಿ ಬೆಂಕಿ ಹಚ್ಚಿಸಿದೆ. ಹಾಸಿಗೆಯ ಹತ್ತಿ ಲಗೂ ಉರಿಯಲಿಲ್ಲ, ಸಂಜೆಯವರೆಗೂ ಹೊಗೆಯಾಡಿತು. ಅವರು ಮರಳಿದಾಗ, ಚಕ್ಕಡಿ ಬಂದು ಒಯ್ದಿತೆಂದೆ. ನೀಲವ್ವ ಬರಲಿಕ್ಕಿಲ್ಲ — ಬಂದರೂ ಏನಾದರೂ ಹೇಳಿದರಾಯಿತು — ಏನು ಹೇಳುವುದೆಂದು ಯೋಚಿಸಿಯೂ ಇರಲಿಲ್ಲ.

ಸುಗ್ಗಿಗೆ, ಹೇಳಿದಂತೆಯೇ ಬಂದರು. ಬಾಗಿಲಲ್ಲಿ ಚಕ್ಕಡಿ, ಕಂಕುಳಲ್ಲಿ ನಮಗೆಂದು ತಂದ ಹಸಿ ಕಡಲೆಯ ಕಟ್ಟು. ಸೀದಾ ಒಳಗಿನ ಖೋಲಿಗೆ ಹೋದರು. ಹೊಸ ಸುಣ್ಣ, ಬಿಳಿ ಪರದೆ. ಗೂಟವಿದ್ದ ಜಾಗವನ್ನು ಅಂಗೈಯಿಂದ ಸವರಿ ನನ್ನ ಕಡೆ ತಿರುಗಿದರು.

ಆ ವರ್ಷ ಊರಲ್ಲಿ ಪ್ಲೇಗಿನ ಅಂಜಿಕೆಯಿತ್ತು. ಇಲಿ ಸತ್ತು ಬಿತ್ತೆಂದರೆ ಹಾಸಿಗೆ ಬಟ್ಟೆ ಸುಡುತ್ತಿದ್ದರು. ಅದೇ ನಾಲಿಗೆಗೆ ಬಂತು.

“ಆ ಖೋಲ್ಯಾಗ ಇಲಿ ಬಿದ್ದಿತ್ರೀ. ಎಲ್ಲಾ ಸುಡಬೇಕಾತು.”

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಬಹುಶಃ — ಆದರೆ ಅವರು ನೋಡಿದ್ದು ನನ್ನ ಕೂಸು ಮಲಗಿದ್ದ ತೊಟ್ಟಿಲ ಕಡೆ.

“ಕೂಸು ಛಲೋ ಐತಿಲ್ಲೋ? ಸುಟ್ಟಿದ್ದ ಛಲೋ ಆತು ಬಿಡು ತಂಗಿ. ನನ್ನ ಸಾಮಾನಿಂದ ನಿನ್ನ ಕೂಸಿಗೆ ಏನರ ಆಗಿದ್ರ ನಾ ಎಲ್ಲಿ ಮಾರಿ ಮುಚ್ಕೋತಿದ್ದೆ?”

ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದವರು ಅಲ್ಲಿಯೇ ನಿಂತರು. ಏನೋ ಹೊಳೆದಂತೆ.

“ಹಂಗಾರ ನಮ್ಮ ಬಸೂಗೂ... ಪಡಸಾಲ್ಯಾಗ ಗದ್ದಲ ಆಗ್ತೈತಿ, ಓದಾಕ ಆಗಂಗಿಲ್ಲ ಅಂದ. ಈ ಖೋಲ್ಯಾಗ ಅಂವಗ ಹೊರಸು ಹಾಕಿ ಕೊಟ್ಟಾಕಿ ನಾನ. ಆದ್ರ ಅಂವಗ ಕಂಕುಳಾಗ ಪ್ಲೇಗಿನ ಗಂಟು ಎದ್ದಿರ್ಲಿಲ್ಲಲಾ!” ಹತ್ತಿರ ಬಂದರು. “ನೀ ಇಂಗ್ಲೀಷ ಸಾಲಿ ಕಲತಾಕಿ, ಖರೇ ಹೇಳು. ಗಂಟು ಏಳದ ಪ್ಲೇಗ ಬರತೈತೇನು?”

ಅವರ ಕಣ್ಣು ನನ್ನ ಬಾಯಿಯ ಮೇಲಿತ್ತು. ಇಲಿಯೇ ಬಿದ್ದಿಲ್ಲ ಎನ್ನಬಹುದಿತ್ತು. ಅದಾಗದಿದ್ದರೆ ‘ನನಗ ಗೊತ್ತಿಲ್ರಿ’ ಎಂದಾದರೂ — ಆದರೆ ಆ ಹೊತ್ತಿನಲ್ಲಿ ನನಗಿದ್ದ ಚಿಂತೆ ಒಂದೇ: ಇಲಿಯ ಮಾತನ್ನು ಇವರು ಸಂಶಯಪಟ್ಟರೆ?

“ಬರತದಂತ್ರಿ,” ಎಂದೆ.

ಚಾಚಿದ್ದ ಕೈಗಳನ್ನು ಅವರು ಸೆರಗಿನಲ್ಲಿ ಸುತ್ತಿಕೊಂಡರು, ಎಂಜಲಾದ ಕೈಯನ್ನು ಮರೆಮಾಡುವ ಹಾಗೆ. ನೀರೂ ಕುಡಿಯಲಿಲ್ಲ. ಕಡಲೆಯ ಕಟ್ಟನ್ನು ಹೊಸ್ತಿಲ ಬಳಿ ಇಟ್ಟು, ಖಾಲಿ ಚಕ್ಕಡಿ ಹತ್ತಿ ಹೋದರು. ಆ ಕಡಲೆಯನ್ನು ನಾವು ತಿಂದೆವು. ರುಚಿಯಾಗಿತ್ತು. ಅದನ್ನೂ ಬರೆಯಬೇಕು.

ಕೆಲವು ವರ್ಷ ಕಳೆದ ಮೇಲೆ ಉಪ್ಪಿನಬೆಟಗೇರಿಯಿಂದ ಬೆಣ್ಣೆ ತರುವ ಹೆಂಗಸನ್ನು, ಏನೂ ಅಲ್ಲವೆಂಬಂತೆ, ಕೇಳಿದೆ — ನೀಲವ್ವ ಹೇಗಿದ್ದಾರೆ?

“ಯಾರು, ಆ ಮುದುಕಿನಾ? ಅದಾಳ್ರಿ. ಮಂದಿ ಹೊಲದಾಗ ಎತ್ತು ದುಡದಂಗ ದುಡೀತಾಳ. ಆದ್ರ ತಮ್ಮನ ಮೊಮ್ಮಕ್ಕಳನ್ನ ಒಂದ ದಿನ ಮುಟ್ಟಂಗಿಲ್ಲ ನೋಡ್ರಿ. ಕೂಸು ಎಷ್ಟ ಅತ್ರೂ ದೂರ ಕುಂತ ಜೋಗುಳ ಹಾಡತಾಳ. ಎತ್ಕೋ ಬೇ ಅಂದ್ರ, ನನ್ನ ಕೈ ಛಲೋ ಅಲ್ಲ ಅಂತಾಳ.”

ಬೆಣ್ಣೆ ಕೊಂಡು ಒಳಗೆ ಬಂದೆ. ಆಗಲೂ ಹೋಗಲಿಲ್ಲ. ಮಳೆಗಾಲ ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ — ಹೀಗೇ. ಅಂದು ತೊಟ್ಟಿಲಲ್ಲಿದ್ದ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ.

ಮೊನ್ನೆ ನಮ್ಮವರಿಗೆ ಎಲ್ಲ ಹೇಳಿದೆ.  “ಇದನ್ನ ನನಗ ಹೇಳಿ ಏನ ಉಪಯೋಗ?” ಎಂದರು. ಅಷ್ಟೇ.

ನಾಳೆ ಬೆಳಗಿನ ಮೋಟಾರಿಗೆ ಉಪ್ಪಿನಬೆಟಗೇರಿಗೆ ಹೊರಡುತ್ತೇನೆ. ಹೇಳಬೇಕಾದುದನ್ನು ಮನಸ್ಸಿನಲ್ಲೇ ಜೋಡಿಸಿ ನೋಡಿದೆ. ಆಗ ನನಗೆ ಚಿಕ್ಕ ವಯಸ್ಸು — ಅದನ್ನು ತೆಗೆದುಹಾಕಿದೆ. ಅಂಜಿ ಹೇಳಿಬಿಟ್ಟೆ — ಅದನ್ನೂ. ಕೊನೆಗೆ ಉಳಿದದ್ದು ಇಷ್ಟು: ನಾನು ಸುಳ್ಳು ಹೇಳಿದೆ, ನಿಮ್ಮ ಮಗ ಹೋದದ್ದು ನಿಮ್ಮ ಕೈಯಿಂದ ಅಲ್ಲ.

ಕ್ಷಮಿಸಿರಿ ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಅವರು ಕ್ಷಮಿಸಿಬಿಡುತ್ತಾರೆ.