ಹಳೇ ವ್ಯಾನಿನ ಕೆಂಪು ದೀಪ

ಆಗ ಗಚ್ಚಿಬೌಲಿಯಲ್ಲಿ ನೋಡನೋಡುತ್ತಿದ್ದಂತೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ನಮ್ಮವರು ಆಫೀಸಿನ ಕ್ಯಾಬಿನಲ್ಲಿ ಅಲ್ಲಿಗೆ ಹೊರಟರೆ, ಹೊಸದಾಗಿ ಕೊಂಡಿದ್ದ ಸೆಕೆಂಡ್ ಹ್ಯಾಂಡ್ ವ್ಯಾನು ಇಡೀ ದಿನ ನನ್ನದು. ಮಕ್ಕಳ ಶಾಲೆ, ತರಕಾರಿ, ಸಿಕಂದರಾಬಾದಿನಲ್ಲಿದ್ದ ಅತ್ತೆಯವರ ತಂಗಿಯ ಮನೆ. ಆಟೋದವರ ಜೊತೆ ನನ್ನ ಕಾನ್ವೆಂಟ್ ಹಿಂದಿಯಲ್ಲಿ ಜಗಳವಾಡುವ ಕಷ್ಟ ತಪ್ಪಿತ್ತು.

ಮೂರನೇ ವಾರ ಬ್ರೇಕಿನ ಕೆಂಪು ದೀಪ ಹತ್ತಿಕೊಂಡಿತು. ಆರಲೇ ಇಲ್ಲ.

"ಹ್ಯಾಂಡ್‌ಬ್ರೇಕ್ ಇಳಸದ ಓಡಸ್ತಿರಬೇಕು ನೀ," ಎಂದರು ನಮ್ಮವರು.

"ಇಲ್ಲರೀ, ಇಳಿಸೇ ಹೊಂಡತೀನಿ."

"ಬ್ರೇಕಿನ ವಿಚಾರ ಐತಿ, ಹುಡುಗಾಟ ಅಲ್ಲ. ರವಿವಾರದೊಳಗ ಆರಲಿಲ್ಲಂದ್ರ ಮಾರಿಬಿಡೂಣು."

"ಆಮ್ಯಾಲೆ ನನ್ನ ತಂಗಿ ಮನಿಗೆ ನೀ ಹೊತ್ಕೊಂಡ ಹೋಗಾಂವೇನು?" ಎಂದು ಅತ್ತೆ ತಮ್ಮ ಮಗನನ್ನು ಕೇಳಿದರು.

ಲಿಂಗಂಪಲ್ಲಿಯ ಮೆಕ್ಯಾನಿಕ್ ಬ್ರೇಕ್ ಆಯಿಲ್ ನೋಡಿದ, ಚಕ್ರ ಬಿಚ್ಚಿದ, ಒಂದು ಸುತ್ತು ಹೊಡೆದು ಬಂದ. "ಲೈಟ್ ಕಹಾಂ ಹೈ ಅಮ್ಮಾ?" ದೀಪ ಎಲ್ಲಿದೆ ಎಂದು ನನ್ನನ್ನೇ ಕೇಳಿದ. ನಿಜ, ಅವನು ಓಡಿಸುವಾಗ ಹತ್ತುವುದೇ ಇಲ್ಲ! ನಾನು ಓಡಿಸಿಕೊಂಡು ಅವನ ಗೇಟು ದಾಟುವಷ್ಟರಲ್ಲಿ ದೀಪ ಮತ್ತೆ ಕಣ್ಣು ಬಿಟ್ಟಿರುತ್ತಿತ್ತು. ಎರಡು ಸಲ ಹೀಗೇ ಆಯಿತು.

ಶನಿವಾರ ಹೊರಗೆ ಸ್ಟೂಲಿನ ಮೇಲೆ ಕಾಯದೆ ಅವನ ಪಕ್ಕದ ಸೀಟಿನಲ್ಲೇ ಕೂತೆ. ಅವನು ಗ್ರೀಸ್ ಕೈಯನ್ನೊಮ್ಮೆ ನೋಡಿಕೊಂಡು, ಹ್ಯಾಂಡ್‌ಬ್ರೇಕಿನ ಹಳದಿ ಕವರನ್ನು ಎರಡೇ ಬೆರಳಲ್ಲಿ ಎಳೆದು, ಕರವಸ್ತ್ರದಂತೆ ಮಡಚಿ ಮುಂದಿಟ್ಟ. ನಾನೇ ಹೆಣೆದ ಕವರು. ನಮ್ಮ ಮನೆಯಲ್ಲಿ ಫ್ರಿಜ್ಜಿನ ಹಿಡಿಗೆ, ಟೆಲಿಫೋನಿಗೆ, ಮಿಕ್ಸಿಗೆ ಎಲ್ಲಕ್ಕೂ ಬಟ್ಟೆಯುಂಟು. ವ್ಯಾನೊಂದು ಬತ್ತಲೆ ಇರಬೇಕೇ? ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ಎರಡೆಳೆ ಉಲ್ಲನ್ನಿನಲ್ಲಿ ದಪ್ಪಗೆ ಹೆಣೆದು, ಆ ಮೂರನೇ ವಾರವೇ ತೊಡಿಸಿದ್ದೆ.

ಅವನು ಹಿಡಿ ಇಳಿಸಿದ. ಟಕ್. ದೀಪ ಆರಿತು.

ನಾನು ಹಿಡಿ ಎತ್ತಿ, ಕವರು ತೊಡಿಸಿ ಇಳಿಸಿದೆ. ಹಿಡಿ ಉಲ್ಲನ್ನಿನ ಮೇಲೆ ಕೂತಿತು, ಟಕ್ ಎನ್ನಲಿಲ್ಲ. ದೀಪ ಆರಲಿಲ್ಲ. ಕವರು ತೆಗೆದು ಇಳಿಸಿದೆ, ಆರಿತು.

ಕೊಳೆಯಾಗದಿರಲೆಂದು ಪಾಪ, ಅವನು ಪ್ರತಿಸಲ ಅದನ್ನು ತೆಗೆದಿಟ್ಟು, ಕೈ ತೊಳೆದು ಮತ್ತೆ ತೊಡಿಸಿ ಕೊಡುತ್ತಿದ್ದನಂತೆ.

"ಅರೇ ಅಮ್ಮಾ! ಹ್ಯಾಂಡ್‌ಬ್ರೇಕ್‌ಕು ಸ್ವೆಟರ್ ಕಾಯ್ಕು? ಥಂಡಿ ಹೋರೈ ಕ್ಯಾ?" ಅದಕ್ಕೂ ಚಳಿಯೇ ಎಂದು ನಕ್ಕ.

ರವಿವಾರ ಎಲ್ಲರೂ ಸಿಕಂದರಾಬಾದಿಗೆ ಹೊರಟೆವು. ನಮ್ಮವರು ದೀಪವಿಲ್ಲದ ಮೀಟರನ್ನು ಬಗ್ಗಿ ಬಗ್ಗಿ ನೋಡಿದರು.

"ಏನಾಗಿತ್ತಂತ?"

"ಹಿಡಿ ಪೂರ್ತಿ ಇಳೀತಿರಲಿಲ್ಲಂತರೀ."

"ನಾ ಹೇಳಿದ್ದಿಲ್ಲೇನು?"

"ಹೇಳಿದ್ರಿ."

ಹಿಂದಿನ ಸೀಟಿನಲ್ಲಿ ಅತ್ತೆಗೆ ಹಳದಿ ಕವರು ಸಿಕ್ಕಿತ್ತು. ತಮ್ಮ ಕನ್ನಡಕವನ್ನು ಅದರೊಳಗೆ ಇಳಿಸಿ ನೋಡುತ್ತಿದ್ದರು. "ಏನವಾ, ನನ್ನ ಚಾಳೀಸಿಗೆ ಹೆಣದೀ ಏನು ಇದನ್ನ? ಬರೋಬ್ಬರಿ ಆತು ನೋಡು."

ಸುಳ್ಳು ಹೇಳಬಾರದೆಂದು ಕಲಿಸಿದವರೂ ಅದೇ ಸಿಸ್ಟರ್. ಕಿಟಕಿಯ ಕಡೆ ಮುಖ ತಿರುಗಿಸಿ, "ಹೂನ್ರೀ ಅತ್ತಿ," ಎಂದೆ.