ಸುದ್ದಿ ಮಾರೆಪ್ಪ ಬೀಗರನ್ನು ಹುಡುಕಿದ್ದು

ಮಾರೆಪ್ಪ ನಮ್ಮ ಅಂಗಳದ ಹೊರಗೆ ಬಂದು ನಿಂತದ್ದನ್ನು ಕಂಡ ಕೂಡಲೇ ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಸವಣೂರಿನಲ್ಲಿ ನನ್ನ ಸೋದರಮಾವ ಹಾಸಿಗೆ ಹಿಡಿದಿದ್ದ. ಹೆಂಡತಿ ಓಡಿಬಂದು ಒಂದು ಕೊಡ ತಣ್ಣೀರನ್ನು ನನ್ನ ತಲೆಯ ಮೇಲೆ ಸುರಿದಳು. ಓಣಿಯ ಅರ್ಧ ಜನ ಸೇರಿದರು. ನನ್ನ ಅಳು ಮುಗಿಯುವವರೆಗೆ ಮಾರೆಪ್ಪ ಕಾದ. ಆಮೇಲೆ, ಮಾವನ ಸುದ್ದಿ ತನಗೇನೂ ಗೊತ್ತಿಲ್ಲವೆಂದೂ, ತಾನು ಬಂದದ್ದು ಮಗಳು ಮಂಜವ್ವನ ಲಗ್ನದ ಮಾತಿಗೆಂದೂ ಹೇಳಿದ. ಒದ್ದೆ ಧೋತರದಲ್ಲಿ ನಡುಗುತ್ತ ಅದನ್ನು ಕೇಳಿಕೊಂಡೆ. ಮಾವ ಮುಂದೆ ಹನ್ನೆರಡು ವರ್ಷ ಬದುಕಿ, ಸಿಕ್ಕಾಗಲೆಲ್ಲ ಈ ಕಥೆ ಹೇಳಿಸಿಕೊಂಡ.

ತಪ್ಪು ನನ್ನೊಬ್ಬನದಲ್ಲ. ಸಾವಿನ ಸುದ್ದಿ ಮುಟ್ಟಿಸುವುದು ಮಾರೆಪ್ಪನ ಮನೆತನದ ಚಾಕರಿ. ಪರವೂರಿನ ಸಾವಿನ ಸುದ್ದಿ ಬಂದರೂ ಮನೆ ಬಾಗಿಲಿಗೆ ತರುವವನು ಅವನೇ. ಹಾನಗಲ್ ತಾಲೂಕಿನ ನಮ್ಮೂರಲ್ಲಿ ಯಾರು ಸತ್ತರೂ ಅವನು ಹೆಗಲಿಗೆ ಕಂಬಳಿ ಹಾಕಿಕೊಂಡು ವರದಾ ಹೊಳೆಯ ದಂಡೆ ಹಿಡಿಯುತ್ತಿದ್ದ. ಸುದ್ದಿ ಒಯ್ದವನು ಹೋದ ದಾರಿಯಲ್ಲೇ ತಿರುಗಿ ಬಂದರೆ ಸಾವೂ ಅವನ ಬೆನ್ನು ಹತ್ತಿ ಊರಿಗೆ ಬರುತ್ತದೆಂದು ಹಿರಿಯರು ನಂಬಿದ್ದರು. ಹಾಗಾಗಿ ಹೊಳೆಸಾಲಿನ ಹಳ್ಳಿಗಳಿಗೆ ಹೇಳಿ, ಶಿಗ್ಗಾಂವಿ ಕಡೆಯ ಗುಡ್ಡ ಹತ್ತಿ, ಅಲ್ಲಿನವರಿಗೂ ಹೇಳಿ, ಊರ ಹಿಂಬದಿಯಿಂದ ಇಳಿದು ಬರುತ್ತಿದ್ದ. ಮಗಳಿಗೆ ಗಂಡು ಸಿಗಬೇಕಾದದ್ದೂ ಅದೇ ಹಳ್ಳಿಗಳ ಕೇರಿಗಳಲ್ಲಿ. ಅವನು ಕಾಲಿಟ್ಟರೆ ಸಾಕು, ಅಳು ಏಳುತ್ತಿತ್ತು. ಸುಮ್ಮನೆ ಅತ್ತು, ಸುಮ್ಮನೆ ಮಿಂದು, ಮೈ ಒರೆಸಿಕೊಳ್ಳುತ್ತಿರುವವರ ಮುಂದೆ ಲಗ್ನದ ಮಾತು ತೆಗೆಯುವುದು ಹೇಗೆ? ಜೊತೆಗೆ ನನ್ನಂಥ ಕೋಟು ತೊಟ್ಟ ಶಾಲೆ ಮಾಸ್ತರನಿದ್ದರೆ ಜನ ಹೆದರುವುದಿಲ್ಲವೆಂದು ಮಾರೆಪ್ಪ ಎಣಿಸಿದ್ದ.

ಹೊರಟೆವು. ಮೊದಲ ಕೇರಿಯಲ್ಲಿ ನನ್ನ ಕೋಟು ನೋಡಿ ಇನ್ನೂ ಜೋರಾಗಿ ಅತ್ತರು. ಮಾಸ್ತರನನ್ನೇ ಕಳಿಸಿದ್ದಾರೆಂದ ಮೇಲೆ ಹೋದವರು ಬಹಳ ದೊಡ್ಡವರೇ ಇರಬೇಕು! ಎರಡನೆಯ ಕೇರಿಯಲ್ಲಿ ಕೋಟು ಬಿಚ್ಚಿ ಕಂಕುಳಲ್ಲಿಟ್ಟುಕೊಂಡೆ. ಅಲ್ಲಿಯೂ ಅತ್ತರು. ಹೊಳೆಯ ಸೊಬಗು ನೋಡುತ್ತ ನಡೆದ ನನಗೆ ಗುಡ್ಡದ ಬುಡ ಬರುವಷ್ಟರಲ್ಲಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಮಾರೆಪ್ಪ ಸೊಬಗಿನ ಕಡೆ ನೋಡಲಿಲ್ಲ.

ಗುಡ್ಡದ ಮೇಲಿನ ಕೇರಿಯಲ್ಲಿ ಕರೆವ್ವನೆಂಬ ವಿಧವೆಯೊಬ್ಬಳು ಮಾತ್ರ ಅಳದೆ ಬೆಲ್ಲ ನೀರು ಕೊಟ್ಟಳು. ಅವಳಿಗೆ ಒಬ್ಬನೇ ಮಗ. ಮಂಜವ್ವನನ್ನು ಅವಳು ಸಂತೆಯಲ್ಲಿ ನೋಡಿದ್ದಳು.

“ಹುಡುಗಿ ಚಲೋ ಅದಾಳ, ಒಲ್ಲೆ ಅನ್ನೂದಿಲ್ಲ,” ಎಂದಳು. “ಆದ್ರ ಬೀಗ ಬಂದಾನಂದ್ರ ನನ್ನ ಎದಿ ಝಲ್ ಅನ್ನಬಾರದು ನೋಡಣ್ಣ. ಈ ಚಾಕರಿ ಬಿಟ್ಟು ಬಾ. ಯುಗಾದಿತನಕ ಕಾಯ್ತೇನಿ.”

ಗುಡ್ಡ ಇಳಿಯುವಾಗ ಮಾರೆಪ್ಪ ನನ್ನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಏನೋ ಗುನುಗುತ್ತಿದ್ದ. ಬೇಡವೆನ್ನಬೇಕೆಂದು ನನಗೂ ಅನ್ನಿಸಿತು. ಬೊಬ್ಬೆ ನೋಯುತ್ತಿದ್ದುದರಿಂದ ಅನ್ನಲಿಲ್ಲ.

ಅವನ ಗುಡಿಸಲು ನಿಂತ ನೆಲ ಚಾಕರಿಗೆಂದು ಕೊಟ್ಟದ್ದು. ಊರ ಗೌಡರ ಒಪ್ಪಿಗೆಯಿಲ್ಲದೆ ಚಾಕರಿ ಬಿಟ್ಟರೆ ನೆಲವೂ ಹೋಗುತ್ತಿತ್ತು. ಗುದ್ಲೆಪ್ಪಗೌಡರು ಎಲ್ಲವನ್ನೂ ಕೇಳಿಸಿಕೊಂಡು, “ನಾ ಇರೂತನಕ ಬಿಡಂಗಿಲ್ಲ. ನನ್ನ ಸುದ್ದಿ ಮುಟ್ಟಿಸಿ, ಆಮ್ಯಾಲ ನಿನ್ನ ದಾರಿ ನೀ ಹಿಡಿ,” ಎಂದರು. ಪಕ್ಕದಲ್ಲಿದ್ದ ನಾನು ಒಮ್ಮೆ ಕೆಮ್ಮಿದೆ. ಶಾಲೆ ನಡೆಯುತ್ತಿದ್ದುದು ಗೌಡರ ಪಡಸಾಲೆಯಲ್ಲಿ. ನನ್ನ ವಕಾಲತ್ತು ಅಷ್ಟಕ್ಕೇ ಮುಗಿಯಿತು.

ಸಂಕ್ರಾಂತಿ ಕಳೆದ ಮೇಲೆ ಗೌಡರು ಜ್ವರದಿಂದ ಮಲಗಿದರು. ಮಾರೆಪ್ಪ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಬಾಗಿಲ ಹೊರಗೆ ನಿಂತು, ಗೌಡರು ಹೇಗಿದ್ದಾರೆಂದು ಕೇಳುತ್ತಿದ್ದ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೂ ಹೀಗೆ ಕೇಳಲಿಲ್ಲವೆಂದು ಗೌಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಊರೆಲ್ಲ ಅವನ ನಿಷ್ಠೆ ಹೊಗಳಿತು. ಸಂಗತಿ ಗೊತ್ತಿದ್ದ ನಾನೂ ತಲೆಯಾಡಿಸಿದೆ.

ಯುಗಾದಿಯ ದಿನ ಗೌಡರು ಎದ್ದು ಕುಳಿತು ಬೇವುಬೆಲ್ಲ ತಿಂದರು. ಎಂಟು ದಿನ ನೋಡಿ ಕರೆವ್ವ ಮಗನಿಗೆ ಬೇರೆ ಕಡೆ ಹೆಣ್ಣು ನಿಶ್ಚಯ ಮಾಡಿದಳು.

ಆ ವಾರವೇ ಗೌಡರು ಕಟ್ಟೆಗೆ ಬಂದು ಕುಳಿತು, ನಾಲ್ಕು ಜನರ ಮುಂದೆ ಮಾರೆಪ್ಪನನ್ನು ಕರೆಸಿ ಹೊಸ ಧೋತರ ಕೊಡಿಸಿದರು. ಅವರ ದನಿ ಗದ್ಗದವಾಗಿತ್ತು.

“ಮಾರೆಪ್ಪ, ದಿನಾ ಎರಡ ಹೊತ್ತು ಬಂದು ನನ್ನ ಕೇಳೀದಿ. ಖರೇ ಹೇಳು, ನಾ ಸತ್ತಿದ್ರ ನೀ ಏನ್ ಮಾಡ್ತಿದ್ದಿ?”

ಮಾರೆಪ್ಪ ಧೋತರವನ್ನು ಮಡಿಚಿದ.

“ಮಗಳ ಲಗ್ನಾ ಮಾಡ್ತಿದ್ನಿರಿ, ಗೌಡ್ರ.”