ಗೌರಿ ಹೂವಿನ ಗೆಡ್ಡೆ

ಬಿ.ಎಸ್ಸಿ. ಓದುವಾಗ ನನಗೆ ಹೂವಿನ ಹೆಸರು ಹೇಳುವುದರಲ್ಲಿ ವಿಪರೀತ ಜಂಬ. ತೊಂಬತ್ತರ ದಶಕದ ಮಾತು. ಗೌರಿ ಹಬ್ಬದ ಹಿಂದಿನ ದಿನ ಬಂಡೀಪುರದ ಅಂಚಿನ ಹುಲ್ಲುಗಾವಲಿಗೆ ಹೋಗಿ, ಆನೆ ಬಂದೀತೆಂದು ಹೆದರುತ್ತಲೇ, ನೆಲದಲ್ಲಿ ಬೆಳೆಯುವ ಬಿಳಿ ಸೀತಾಳೆಯನ್ನು, ಅಂದರೆ ಆರ್ಕಿಡ್ಡನ್ನು, ಗೆಡ್ಡೆ ಸಮೇತ ಕಿತ್ತು ತಂದೆ. ದಾರಿಯ ಬೇಲಿಯಲ್ಲಿ ಬೆಂಕಿಯ ಬಣ್ಣದ ಗೌರಿ ಹೂವು ಸಿಕ್ಕಿತು. ಅಮ್ಮನ ಪೂಜೆಗೆ ಅದು ಬೇಕೇ ಬೇಕು. ಕಾಲೇಜಿನ ರೆಕಾರ್ಡಿಗೂ ಆಗಲಿ ಎಂದು ಅದರ ಗೆಡ್ಡೆಯನ್ನೂ ಅಗೆದೆ. ಅದು ವಿಷವೆಂದು ಓದಿದ್ದೆ. ಓದಿಯೂ ಹೂಗಳನ್ನು ಕತ್ತರಿಸಿಟ್ಟುಕೊಂಡು ಗೆಡ್ಡೆಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಅಡುಗೆಮನೆಯಲ್ಲಿಟ್ಟೆ. ನನ್ನ ಬುದ್ಧಿಗೆ ಏನು ಹೇಳಲಿ!

ಹಬ್ಬದ ದಿನ ಪೂಜೆ ಮುಗಿಯುವವರೆಗೆ ಅಮ್ಮ ಅನ್ನ ಮುಟ್ಟುತ್ತಿರಲಿಲ್ಲ. ಗೆಡ್ಡೆ ಗೆಣಸಿಗೆ ಅಡ್ಡಿಯಿರಲಿಲ್ಲ. ನಾನು ಸ್ನಾನ ಮುಗಿಸಿ ಬಂದಾಗ ಒಲೆಯ ಮುಂದೆ ಸುಟ್ಟ ಸಿಪ್ಪೆ ಬಿದ್ದಿತ್ತು.

“ಚೀಲದಲ್ಲಿದ್ದದ್ದು ತಿಂದ್ಯೇನಮ್ಮ?”

“ಎರಡು ತಿಂದೆ ಕಣಮ್ಮಿ. ಒಟ್ಟೆ ಅಸೀತಿತ್ತು.”

ಚೀಲ ಸುರಿದೆ. ಸೀತಾಳೆಯ ದುಂಡನೆಯವೂ ಗೌರಿ ಹೂವಿನ ಉದ್ದನೆಯವೂ ಇನ್ನೂ ಇದ್ದವು, ಆದರೆ ತಂದದ್ದೆಷ್ಟು ಎಂದು ಎಣಿಸಿರಲಿಲ್ಲ. “ದುಂಡುಗಿರದ್ನೇ ತಿಂದಿವ್ನಿ, ಸುಮ್ಕಿರು” ಎಂದಳು. ನಾನು ನಂಬಲಿಲ್ಲ. ಓದು ಬಾರದ ಅಮ್ಮನಿಗೆ ಏನು ಗೊತ್ತು ಅಂದುಕೊಂಡೆ. ಕೈ ಹಿಡಿದು ಎಳೆದುಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿಸಿದೆ.

ಆಸ್ಪತ್ರೆಯಲ್ಲಿ ವಾಂತಿ ಮಾಡಿಸಿದರು. ಡಾಕ್ಟರು ಕೇಳಿದರು: “ಯಾವ ಗೆಡ್ಡೆ?”

“ಗೊತ್ತಿಲ್ಲ ಸಾರ್.”

“ಓದೋದು ಏನಮ್ಮ?”

ಬಾಟನಿ ಎನ್ನಲು ಬಾಯಿ ಬರಲಿಲ್ಲ. ವಿಷವಾದರೆ ಸಂಜೆಯೊಳಗೆ ತೋರಿಸುತ್ತದೆ, ಕಾಯಿರಿ ಎಂದರು. ಕಾದೆ. ಅಮ್ಮ ಮಗ್ಗುಲು ಬದಲಿಸಿದರೆ ಎದ್ದು ನಿಲ್ಲುತ್ತಿದ್ದೆ. ಅವಳು ತೇಗಿದರೂ ನರ್ಸನ್ನು ಕೂಗಲು ಓಡುತ್ತಿದ್ದೆ. ನನ್ನಿಂದ ಅಮ್ಮ ಸಾಯುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು.

ದೀಪ ಹಚ್ಚುವ ಹೊತ್ತಾದರೂ ಏನೂ ಆಗಲಿಲ್ಲ. ಮನೆಗೆ ಹೋಗಬಹುದು ಎಂದಾಗ ನಾನು ಮಂಚಕ್ಕೆ ತಲೆಯಿಟ್ಟು ಅತ್ತುಬಿಟ್ಟೆ.

ಅಮ್ಮ ನನ್ನ ಬೆನ್ನು ಸವರಿದಳು. “ಗೌರಿ ಹೂವಿನ ಗೆಡ್ಡೆ ನಂಗೆ ಗೊತ್ತಿಲ್ವಾ ಕಣಮ್ಮಿ? ಉಮ್ಮತ್ತೂರಲ್ಲಿ ಚಿಕ್ಕೋಳಿದ್ದಾಗ ಗೆಣಸು ಅನ್ಕೊಂಡು ನಾನೇ ಅಗೆದು, ಸುಟ್ಟು, ತಂಗಿಗೆ ತಿನ್ನುಸ್ಬುಟ್ಟಿದ್ದೆ. ಬೆಳಕರಿಯಗಂಟ ಕೂಸು ಉಳೀನಿಲ್ಲ.”

ಅಮ್ಮನಿಗೊಬ್ಬ ತಂಗಿಯಿದ್ದಳೆಂಬುದು ನನಗೆ ತಿಳಿದದ್ದು ಆಗಲೇ.